ಗೂಬೆ ಕೂರಿಸಿದ ರಜೆ

ಫೆಬ್ರವರಿಯಲ್ಲಿ ಮಗಳ ಶಾಲೆಗೆ ಆರು ದಿನ ಚಕ್ಕರ್ ಹೊಡೆಸಿ ಕುಮಟಾ ಕಡೆಗೆ ಹೋದೆವು. ಪರೀಕ್ಷೆ ಹತ್ತಿರ ಬಂದಾಗ ಹೀಗೆ ಮಾಡಬಾರದು, ಗೊತ್ತು. ಆದರೆ ಮೇ ತಿಂಗಳಲ್ಲಿ ಕರಾವಳಿಗೆ ಹೋಗಿ ಬೆಂದು ಬಂದವರನ್ನು ಒಮ್ಮೆ ಕೇಳಿ ನೋಡಿ. ಅದೂ ಅಲ್ಲದೆ ನಮಗೆ ಬೇಕಾಗಿದ್ದು ಚಳಿಗಾಲದ ಕಡಲು. ಆಗ ದೂರದೂರಿನ ಹಕ್ಕಿಗಳು ಇನ್ನೂ ವಾಪಸ್ ಹೊರಟಿರುವುದಿಲ್ಲ. ಕಡಲಾಮೆಯ ಮೊಟ್ಟೆ ಒಡೆಯುವ ಕಾಲವೂ ಅದೇ. ಹತ್ತು ವರ್ಷದ ಮಗಳು ರೈಲಿನಲ್ಲೇ ಒಂದು ಪಟ್ಟಿ ಬರೆದಿದ್ದಳು. ಡಾಲ್ಫಿನ್, ಕಡಲಾಮೆ, ನೇತ್ರಾಣಿ ದ್ವೀಪದ ಕಡಲ ಹದ್ದು, ಕಾಂಡ್ಲಾ (ಅಂದರೆ ಮ್ಯಾಂಗ್ರೋವ್) ಕಾಡು, ಕೊನೆಯಲ್ಲಿ 'ನೀರುನಾಯಿ (ಕಂಡರೆ)'.

ಗೂಬೆ ಪಟ್ಟಿಯಲ್ಲಿ ಇರಲಿಲ್ಲ.

ನಾವು ಉಳಿದಿದ್ದು ನನ್ನ ಸೋದರತ್ತೆಯ ಮನೆಯಲ್ಲಿ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ಅತ್ತೆ ದಾವಣಗೆರೆಯಲ್ಲಿ ಹುಟ್ಟಿ, ಮದುವೆಯಾಗಿ ಈ ಕಡೆ ಬಂದವರು. ನಲವತ್ತು ವರ್ಷ ಕಳೆದರೂ ಬಂಗುಡೆ ವಾಸನೆಗೆ ಮೂಗು ಮುಚ್ಚುತ್ತಾರೆ, ಮಂಡಕ್ಕಿ ಕಂಡರೆ ಕಣ್ಣರಳಿಸುತ್ತಾರೆ. ನಾವು ಹೋದ ಮರುದಿನವೇ ಅವರ ಹಿತ್ತಲಿನ ಒಣ ತೆಂಗಿನಮರ ಕಡಿಯುವ ಕೆಲಸವಿತ್ತು. ಸುಳಿ ಕೊಳೆತು, ತಲೆ ಉದುರಿ, ಬೋಳು ಕಂಬದ ಹಾಗೆ ನಿಂತಿದ್ದ ಮರ. ಮಳೆಗಾಲದಲ್ಲಿ ಹಂಚಿನ ಮೇಲೆ ಬಿದ್ದರೆ ಕಷ್ಟ ಅಂತ ಅತ್ತೆ ಎರಡು ವರ್ಷದಿಂದ ಹೇಳುತ್ತಲೇ ಇದ್ದರು.

ಮನೆಗೆ ಹತ್ತಿರದ ಮರವನ್ನು ಒಂದೇ ಸಲಕ್ಕೆ ಉರುಳಿಸುವ ಹಾಗಿಲ್ಲ. ಕಡಿಯುವವರು ಮೇಲೆ ಹತ್ತಿ, ತುಂಡು ತುಂಡಾಗಿ ಕೊಯ್ದು, ಹಗ್ಗ ಕಟ್ಟಿ ಇಳಿಸುತ್ತಿದ್ದರು. ಎರಡನೇ ತುಂಡು ಅರ್ಧ ದಾರಿಯಲ್ಲಿ ತೂಗಾಡುತ್ತಿತ್ತು. ಆಗ ಮೇಲಿನಿಂದ ಕೂಗು ಬಂತು. "ಅಮ್ಮೋರೆ, ಒಳಗೆ ಎಂತದೋ ಅದೆ!"

ತುಂಡು ನೆಲಕ್ಕಿಳಿಯಿತು. ಅದರ ಪಕ್ಕದಲ್ಲಿ ಮರಕುಟಿಗ ಕೊರೆದ ತೂತು. ಒಳಗಿಂದ ಚಿರ್ರ್ ಚಿರ್ರ್ ಎಂಬ ಸದ್ದು, ನಡುನಡುವೆ ಟಕ್ ಟಕ್ ಎಂದು ಕೊಕ್ಕು ಬಡಿಯುವ ಸದ್ದು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಮೂರು ಮುಖ, ಆರು ಹಳದಿ ಕಣ್ಣು. ಮೂವರೂ ನಮ್ಮನ್ನು ಕೆಕ್ಕರಿಸಿ ನೋಡುತ್ತಿದ್ದರು. ಏನೋ ಸಾಲ ವಾಪಸ್ ಕೊಡದವರನ್ನು ನೋಡುವ ಹಾಗೆ.

ಹಾಲಕ್ಕಿಯ ಮರಿಗಳು. ಊರುಗಳಲ್ಲಿ ಮನುಷ್ಯರ ನಡುವೆಯೇ ಬದುಕುವ ಪುಟ್ಟ ಗೂಬೆ ಇದು. ದೊಡ್ಡದಾದರೂ ಒಂದು ಗೇಣು ದಾಟುವುದಿಲ್ಲ. ಕಂದು ಮೈ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಬುಡುಬುಡಿಕೆಯವರು ಬೆಳಗಿನ ಜಾವ ಮನೆ ಮುಂದೆ ನಿಂತು 'ಹಾಲಕ್ಕಿ ನುಡೀತೈತೆ' ಅಂತ ಶಕುನ ಹೇಳುತ್ತಾರಲ್ಲ, ಆ ಹಾಲಕ್ಕಿ ಇದೇ. ತಮಾಷೆ ನೋಡಿ. ಒಂದೇ ಹಕ್ಕಿ ಬುಡುಬುಡಿಕೆಯವರ ಬಾಯಲ್ಲಿ ಶುಭವನ್ನೂ ನುಡಿಯುತ್ತದೆ, ಮನೆ ಮೇಲೆ ಕೂತರೆ ಅನಿಷ್ಟ ಅಂತಲೂ ಬೈಸಿಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ಗೂಬೆಗೆ ಮರ್ಯಾದೆ ಕಡಿಮೆ. ದಡ್ಡನನ್ನು ಬೈಯಲು ಗೂಬೆ ಬೇಕು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬೇಕಾದರೂ 'ಗೂಬೆ ಕೂರಿಸಬೇಕು'.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಮನೆಯೊಳಗೆ ಮಾತ್ರ ತರಬೇಡ ಕಣೇ" ಎಂದರು. ಮಗಳು ಆಗಲೇ ಅಡುಗೆಮನೆಗೆ ಓಡಿದ್ದಳು. ಬಂದಾಗ ಕೈಯಲ್ಲಿ ಹಾಲಿನ ಲೋಟ.

ಆ ಲೋಟ ನೋಡಿ ನನ್ನ ಹೊಟ್ಟೆ ಕಲಸಿದಂತಾಯಿತು.

ನನಗೂ ಸುಮಾರು ಅದೇ ವಯಸ್ಸಿದ್ದಾಗ, ದಾವಣಗೆರೆಯಲ್ಲಿ ನಮ್ಮ ಮನೆ ಹಿಂದೆ ಒಂದು ಮಂಡಕ್ಕಿ ಭಟ್ಟಿ ಇತ್ತು. ಅದರ ಭತ್ತದ ಗೋದಾಮಿನ ಸೂರಿನಿಂದ ಒಂದು ಕಣಜ ಗೂಬೆಯ ಮರಿ ಕೆಳಗೆ ಬಿತ್ತು. ಕಣಜ ಗೂಬೆ ಗೊತ್ತಲ್ವಾ? ವೀಳ್ಯದೆಲೆ ಆಕಾರದ ಬಿಳಿ ಮುಖ, ಕಪ್ಪು ಕಣ್ಣು. ಇಲಿ ಇದ್ದಲ್ಲೆಲ್ಲ ಇರುತ್ತದೆ. ನಾನು ಅದನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಹತ್ತಿ ಹಾಸಿದೆ. ಇಂಕ್ ಫಿಲ್ಲರಿನಲ್ಲಿ ಹಾಲು ಕುಡಿಸಿದೆ, ಬ್ರೆಡ್ ನೆನೆಸಿ ತಿನ್ನಿಸಿದೆ. ರಾತ್ರಿಯಿಡೀ ಅದರ ಅಪ್ಪನೋ ಅಮ್ಮನೋ ಗೋದಾಮಿನ ಸೂರಿನ ಮೇಲೆ ಕಿರುಚುತ್ತಿತ್ತು. ಅಜ್ಜಿ ಕಿಟಕಿ ಮುಚ್ಚಿಸಿದರು. ಮೂರನೇ ದಿನ ಬೆಳಿಗ್ಗೆ ಮರಿ ಸತ್ತಿತ್ತು. ತಂದದ್ದೇ ಅಪಶಕುನ ಎಂದರು ಅಜ್ಜಿ. ಹಣೆಬರಹ ಎಂದರು ಅಪ್ಪ. ನಾನು ಕೊಂದೆ ಅಂತ ಯಾರೂ ಹೇಳಲಿಲ್ಲ. ಅದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಿಗೆ ಬಿಟ್ಟ ದ್ರವ ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಗೂಬೆ ಇಲಿ, ಹಲ್ಲಿ, ಜೀರುಂಡೆಗಳನ್ನು ಇಡಿಯಾಗಿ ತಿಂದು ಬೆಳೆಯುವ ಪ್ರಾಣಿ. ಬರೀ ಮಾಂಸದ ತುಂಡು ಕೊಟ್ಟರೂ ಸಾಲದು, ಮೂಳೆಯ ಸುಣ್ಣ ಸಿಗದೆ ಕಾಲು ಸೊಟ್ಟಗಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೂರಿನ ಮೇಲೆ ಕಿರುಚುತ್ತಿದ್ದ ಆ ಗೂಬೆ ಮರಿಯನ್ನು ಹುಡುಕುತ್ತಿತ್ತು. ಚಪ್ಪಲಿ ಡಬ್ಬಿಯನ್ನು ಹೊರಗೆ ಗೋಡೆ ಮೇಲೆ ಇಟ್ಟಿದ್ದರೂ ಬಂದು ತುತ್ತು ಕೊಡುತ್ತಿತ್ತೇನೋ.

ಹಾಗಾಗಿ ಈ ಸಲ ಹಾಲಿನ ಲೋಟವನ್ನು ನಾನೇ ಕುಡಿದೆ. ಮಗಳಿಗೆ ಸಿಟ್ಟು ಬಂತು.

ಮೈಸೂರಿನಲ್ಲಿ ನನ್ನ ಗೆಳತಿಯೊಬ್ಬಳು ಪಶುವೈದ್ಯೆ, ಗಾಯಗೊಂಡ ಕಾಡುಹಕ್ಕಿಗಳನ್ನೂ ನೋಡುತ್ತಾಳೆ. ಅತ್ತೆಯ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು ಫೋನ್ ಮಾಡಿದೆ. ಅವಳು ಕೇಳಿದ್ದು ಮೂರೇ ಪ್ರಶ್ನೆ. ರಕ್ತ ಇದೆಯಾ? ರೆಕ್ಕೆ ಜೋಲು ಬಿದ್ದಿದೆಯಾ? ಗೂಡು ಉಳಿದಿದೆಯಾ? ಮೊದಲೆರಡಕ್ಕೆ ಇಲ್ಲ, ಮೂರನೆಯದಕ್ಕೆ ಹೌದು ಎಂದೆ. "ಮತ್ತೇನು? ಆ ತುಂಡನ್ನೇ ಹತ್ತಿರದ ಮರಕ್ಕೆ ಕಟ್ಟು. ಅರಣ್ಯ ಇಲಾಖೆಗೆ ಒಂದು ಮಾತು ತಿಳಿಸು. ಆಮೇಲೆ ದೂರ ಹೋಗಿ ಕೂತ್ಕೋ. ನೀನು ಹತ್ತಿರ ಇದ್ದಷ್ಟು ಹೊತ್ತು ಅವು ಬರಲ್ಲ."

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವಂತೆ, ಹೌದಾ ಎಂದು ಕೇಳಿದೆ. "ಯಾರು ಹೇಳಿದ್ದು? ಅದು ನಿನ್ನ ಕೈ ಮೂಸಿ ನೋಡುತ್ತಾ ಕೂರುತ್ತಾ?" ಎಂದು ನಕ್ಕಳು.

ಹೊತ್ತು ಏರುತ್ತಿತ್ತು, ಕಾಗೆಗಳು ಆಗಲೇ ಸುದ್ದಿ ತಿಳಿದು ಸೇರುತ್ತಿದ್ದವು. ಹಗಲಲ್ಲಿ ಗೂಬೆ ಕಂಡರೆ ಕಾಗೆಗೆ ಹಬ್ಬ. ತುಂಡಿನ ಬುಡಕ್ಕೆ ಹಲಗೆ ಹೊಡೆದು, ನೀರು ನಿಲ್ಲದಂತೆ ನಾಲ್ಕು ತೂತು ಕೊರೆದೆವು. ಮೇಲೆ ಹಳೆಯ ಹಂಚು ಮುಚ್ಚಿ ಕಟ್ಟಿದೆವು. ಗೂಡಿನ ಒಳಗಿದ್ದ ಪುಡಿಯನ್ನು, ಅದರಲ್ಲಿದ್ದ ಜೀರುಂಡೆ ರೆಕ್ಕೆ, ಹಲ್ಲಿ ಬಾಲ ಸಮೇತ ಹಾಗೇ ಬಿಟ್ಟೆವು. ಹತ್ತು ಹೆಜ್ಜೆ ಆಚೆ ಒಂದು ಸುರಹೊನ್ನೆ ಮರವಿತ್ತು. ಮರ ಕಡಿಯಲು ಬಂದವರೇ ಆ ತುಂಡನ್ನು ಕತ್ತದ ಹಗ್ಗದಲ್ಲಿ ಬಿಗಿದು, ಮೊದಲಿದ್ದಷ್ಟೇ ಎತ್ತರಕ್ಕೆ, ತೂತು ಮೊದಲಿದ್ದ ದಿಕ್ಕಿಗೇ ತಿರುಗಿಸಿ ಕಟ್ಟಿದರು. ದಿಕ್ಕಿನ ವಿಚಾರ ನನಗೆ ಹೊಳೆದಿರಲಿಲ್ಲ. "ಬಾಗಿಲು ಬದಲಾದ್ರೆ ಗುರ್ತು ಸಿಗೂದಿಲ್ಲ" ಅಂತ ಅವರೇ ಹೇಳಿದ್ದು. ಆ ಹೆಚ್ಚಿನ ಕೆಲಸಕ್ಕೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಕಟ್ಟುವ ಮೊದಲು ಮರಿಗಳನ್ನು ಒಂದು ನಿಮಿಷ ಸರಿಯಾಗಿ ನೋಡಿದೆವು. ಮೂರೂ ಬೇರೆ ಬೇರೆ ಗಾತ್ರ. ಒಂದಕ್ಕೆ ರೆಕ್ಕೆಯಲ್ಲಿ ಚುಕ್ಕೆ ಮೂಡಿತ್ತು, ಒಂದು ಅರ್ಧಂಬರ್ಧ, ಕೊನೆಯದು ಇನ್ನೂ ಹತ್ತಿಯ ಉಂಡೆ. ಗೂಬೆ ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವಿಗೆ ಕೂರುತ್ತದೆ. ಹಾಗಾಗಿ ಮರಿಗಳು ಒಂದರ ಹಿಂದೆ ಒಂದು, ದಿನ ಬಿಟ್ಟು ಹೊರಬರುತ್ತವೆ. ಮಗಳು ಎಡಕ್ಕೆ ವಾಲಿದರೆ ಮೂರು ತಲೆಯೂ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಗೂಬೆಯ ಕಣ್ಣುಗುಡ್ಡೆ ನಮ್ಮದರ ಹಾಗೆ ಹೊರಳುವುದಿಲ್ಲ. ಓರೆಗಣ್ಣಿನಲ್ಲಿ ನೋಡುವ ಸೌಲಭ್ಯ ಅದಕ್ಕಿಲ್ಲ, ಇಡೀ ಕತ್ತನ್ನೇ ತಿರುಗಿಸಬೇಕು. ಅದಕ್ಕೇ ಆ ಕತ್ತು ಸುಮಾರು 270 ಡಿಗ್ರಿ ತಿರುಗುತ್ತದೆ.

ಸಂಜೆ ಹಿಂಬಾಗಿಲಿನ ಕತ್ತಲೆಯಲ್ಲಿ ದೀಪ ಆರಿಸಿ ಕೂತೆವು. ಆರೂವರೆ ದಾಟಿ ಸೂರ್ಯ ಮುಳುಗಿದ. ಏಳಾಯಿತು. ಮರಿಗಳು ಹಸಿವಿಗೆ ಕೂಗುತ್ತಿದ್ದವು. ಏಳೂಕಾಲಕ್ಕೆ ದೊಡ್ಡದೊಂದು ನೆರಳು ಬಂದು ಸುರಹೊನ್ನೆಗೆ ಬಿತ್ತು. ಮಗಳು ನನ್ನ ಕೈ ಹಿಚುಕಿದಳು. ನೋಡಿದರೆ ಬಾವಲಿ. ಸುರಹೊನ್ನೆ ಕಾಯಿ ಅಂದರೆ ಅದಕ್ಕೆ ಪ್ರಾಣ, ಸಿಪ್ಪೆ ಕೆರೆದು ತಿಂದು ಬೀಜ ಉದುರಿಸುತ್ತದೆ. ಏಳೂವರೆಗೆ ಇನ್ನೊಂದು ಬಾವಲಿ. ಎಂಟಕ್ಕೆ ದೂರದ ಕಾಂಡ್ಲಾ ಕಡೆಯಿಂದ ನರಿಗಳು ಊಳಿಟ್ಟವು. ಅತ್ತೆ ಊಟಕ್ಕೆ ಕರೆದರು, ನಾವು ಏಳಲಿಲ್ಲ. ಮರಿಗಳು ಹಾಗೆ ಕೂಗುವಾಗ ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಫ್ರಿಜ್‌ನಲ್ಲಿ ಕೋಳಿ ಇದೆ, ಒಂದು ಚೂರು ಹಾಕಿ ಬರಲಾ ಅಂತ ಎರಡು ಸಲ ಎದ್ದೆ. ಎರಡು ಸಲವೂ ಗೆಳತಿಯ ಮಾತು ನೆನಪಾಗಿ ಕೂತೆ.

ಎಂಟೂಮುಕ್ಕಾಲಿಗೆ, ತೆಂಗಿನಮರದ ಉಳಿದ ಮೋಟಿನ ಮೇಲೆ ಒಂದು ಉಂಡೆಯಂಥದ್ದು ಬಂದು ಕೂತಿತು. ಇಲ್ಲದ ಗೂಡಿನ ಜಾಗವನ್ನು ನೋಡಿತು. ತಲೆಯನ್ನು ಮೇಲೆ ಕೆಳಗೆ ಕುಣಿಸಿತು. ಮರಿಗಳು ಕೂಗಿದವು. ಅದು ಸುರಹೊನ್ನೆಗೆ ಹಾರಿತು, ಮತ್ತೆ ಮೋಟಿಗೆ ಬಂತು, ಮತ್ತೆ ಹಾರಿತು. ನಾಲ್ಕನೇ ಸಲ ತೂತಿನ ಅಂಚು ಹಿಡಿದು ತಲೆ ಒಳಗೆ ಹಾಕಿತು. ಕೂಗು ನಿಂತಿತು.

ಮಗಳು ಪಿಸುಗುಟ್ಟಿದಳು. "ಅಮ್ಮ, ನಾವೇನೂ ಮಾಡ್ಲೇ ಇಲ್ಲ ಅಲ್ವಾ?"

ಮರುದಿನ ಬೆಳಿಗ್ಗೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬೈಕಿನಲ್ಲಿ ಬಂದು ನೋಡಿ ಹೋದರು. ಗೂಬೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಪ್ರೀತಿಗೆ ಸಾಕುವುದೂ ಅಪರಾಧವೇ. ದೀಪಾವಳಿ ಹತ್ತಿರ ಬಂದಾಗ ಲಕ್ಷ್ಮಿಯ ವಾಹನವನ್ನೇ ಹಿಡಿದು ಮಾಟಕ್ಕೆ ಮಾರುವವರೂ ಇದ್ದಾರೆ, ಅದನ್ನು ಬರೆಯಲು ಕೂತರೆ ನನ್ನ ರಜೆಯ ಕಥೆ ಮುಗಿಯುವುದಿಲ್ಲ. ಗಾರ್ಡ್ ಮಾತ್ರ ಖುಷಿಯಾಗಿದ್ದರು. "ಜನ ಹೆಚ್ಚಾಗಿ ಚೀಲದಲ್ಲಿ ಹಾಕ್ಕೊಂಡು ಬರ್ತಾರೆ. ನೀವು ಕಟ್ಟಿ ಬಿಟ್ರಲ್ಲ, ಒಳ್ಳೇದಾಯ್ತು" ಎಂದರು. ಹೊರಡುವಾಗ ಮಗಳ ಮುಖ ನೋಡಿ, ಹೊನ್ನಾವರದ ಕಾಸರಕೋಡಿನಲ್ಲಿ ಆಮೆ ಮರಿ ಹೊರಗೆ ಬರುವ ಹೊತ್ತು, ನಸುಕಿಗೆ ಹೋದರೆ ಕಾಣಬಹುದು ಎಂದರು.

ಆದರೆ ಮಗಳಿಗೆ ಈಗ ಹಿತ್ತಲು ಬಿಟ್ಟು ಹೋಗುವ ಮನಸ್ಸಿಲ್ಲ. ಪಟ್ಟಿಯಲ್ಲಿ ಮೊದಲು ಹೊಡೆದು ಹಾಕಿದ್ದು ನೇತ್ರಾಣಿ. ದೋಣಿ, ಮುರ್ಡೇಶ್ವರ, ಇಡೀ ದಿನ, ಯಾರಿಗೆ ಬೇಕು? ಸಂಜೆಯೊಳಗೆ ಹಿಂದಿರುಗುವಷ್ಟು ದೂರ ಮಾತ್ರ ಹೋಗೋಣ ಎಂದಳು. ಹಾಗಾಗಿ ನಮ್ಮ ರಜೆ ಅಳಿವೆಯ ಸುತ್ತಲೇ ಸುತ್ತಿತು. ಈಗ ಅನಿಸುತ್ತದೆ, ನಮಗೆ ಆದ ಲಾಭ ಅದೇ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾರ ಗೇಟನ್ನೂ ದಾಟದೆ ಕಡಲಿಗೆ ಬರುತ್ತದೆ. ಹೊಳೆಯ ಸಿಹಿನೀರು ಒಳಗಿನಿಂದ, ಕಡಲಿನ ಉಪ್ಪುನೀರು ಹೊರಗಿನಿಂದ, ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಅದರಲ್ಲೇ ಕಾಂಡ್ಲಾ ಬೆಳೆಯುತ್ತದೆ, ಮೀನು ಮರಿ ಮಾಡುತ್ತದೆ, ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಆಗುತ್ತದೆ. 2024ರಲ್ಲಿ ಈ ಅಳಿವೆಗೆ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ಅತ್ತೆಗೆ ಅದು ಗೊತ್ತಿಲ್ಲ. "ಇಳಿತದಲ್ಲಿ ಹೋಗಿ, ಬಳಚು ಹೆಕ್ಕೋರು ಇರ್ತಾರೆ, ಅಲ್ಲೇ ಹಕ್ಕಿಯೂ ಇರ್ತಾವೆ" ಎಂದಷ್ಟೇ ಹೇಳಿದರು. ಹೌದು, ಇದ್ದವು. ಸೊಂಟದ ಮಟ್ಟ ನೀರಿನಲ್ಲಿ ಹೆಂಗಸರು ಬುಟ್ಟಿ ತೇಲಿಸಿಕೊಂಡು ಚಿಪ್ಪು ಹೆಕ್ಕುತ್ತಿದ್ದರು. ಅವರಿಂದ ಕೂಗಳತೆ ದೂರದಲ್ಲಿ ಬೆಳ್ಳಕ್ಕಿಗಳು, ಬಾಗಿದ ಉದ್ದ ಕೊಕ್ಕಿನ ಕಡಲಂಚಿನ ಹಕ್ಕಿಗಳು ಅದೇ ಕೆಸರು ಕೆದಕುತ್ತಿದ್ದವು. ಮೇಲೆ ಗರುಡ ಸುತ್ತುತ್ತಿತ್ತು. ಎರಡೂ ಕಡೆಯವರಿಗೆ ಇನ್ನೊಬ್ಬರ ಪರಿವೆಯೇ ಇಲ್ಲ.

ಮಧ್ಯಾಹ್ನ ಮರಳದಂಡೆಯಲ್ಲಿ ಏಡಿಗಳನ್ನು ನೋಡುತ್ತ ಎರಡು ಗಂಟೆ ಕಳೆದೆವು. ಮೆಂತ್ಯದ ಕಾಳಿಗಿಂತ ಸ್ವಲ್ಪ ದೊಡ್ಡ ಏಡಿಗಳು ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಆಹಾರ ಸೋಸಿಕೊಂಡು, ಉಳಿದದ್ದನ್ನು ಸಣ್ಣ ಸಣ್ಣ ಗುಂಡು ಮಾಡಿ ಬಿಡುತ್ತವೆ. ಬಿಲದ ಸುತ್ತ ಆ ಗುಂಡುಗಳ ರಂಗೋಲಿ. ಉಬ್ಬರ ಬಂದು ಎಲ್ಲ ಅಳಿಸಿತು. ಡಾಲ್ಫಿನ್ ಒಂದೇ ಸಲ ಕಂಡಿತು, ಅದೂ ಬೆನ್ನು ಮಾತ್ರ. ಅದರ ಬಗ್ಗೆ ಹೆಚ್ಚು ಹೇಳಲು ನನ್ನ ಹತ್ತಿರ ಏನಿಲ್ಲ.

ನಾಲ್ಕನೇ ದಿನ ನಸುಕಿಗೆ ಎದ್ದು ಕಾಸರಕೋಡಿಗೆ ಹೋದೆವು. ಬಲೆಯ ಬೇಲಿಯೊಳಗೆ, ಮರಳಲ್ಲಿ ಹೂತ ಮೊಟ್ಟೆಗಳಿಂದ ರಾತ್ರಿ ಹೊರಬಂದ ಆಲಿವ್ ರಿಡ್ಲೆ ಮರಿಗಳು. ಒಂದು ಆಮೆ ಸುಮಾರು ನೂರು ಮೊಟ್ಟೆ ಇಟ್ಟು ಮುಚ್ಚಿ ಹೋಗಿಬಿಡುತ್ತದೆ, ತಿರುಗಿ ನೋಡುವುದಿಲ್ಲ. ನಲವತ್ತೈದರಿಂದ ಅರವತ್ತು ದಿನ ಮರಳೇ ಕಾವು ಕೊಡುತ್ತದೆ. ಮರಳು ಬಿಸಿ ಇದ್ದರೆ ಹೆಣ್ಣು ಜಾಸ್ತಿ, ತಂಪಿದ್ದರೆ ಗಂಡು ಜಾಸ್ತಿ. ಕಾಗೆ, ನಾಯಿ, ಮನುಷ್ಯ, ಮೂವರಿಂದಲೂ ಉಳಿಸಲು ಬೇಲಿ.

ಮರಿಗಳನ್ನು ನೀರಿಗೆ ಬಿಡಲಿಲ್ಲ, ನೀರಿನಿಂದ ಹತ್ತಾರು ಹೆಜ್ಜೆ ಹಿಂದೆ ಮರಳ ಮೇಲೆ ಬಿಟ್ಟರು. ಅಂಗೈಯಲ್ಲಿ ಹಿಡಿಸುವ ಕಪ್ಪು ಮರಿಗಳು ಕೈ ಬೀಸಿ ಬೀಸಿ ಹೊರಟವು. ಹಿಂದೆ ಆಟಿಕೆ ಟ್ರ್ಯಾಕ್ಟರ್ ಓಡಿಸಿದಂಥ ಗುರುತು. ಒಂದು ಮಾತ್ರ ಯಾರದೋ ಹೆಜ್ಜೆಯ ಗುಂಡಿಯಲ್ಲಿ ಸಿಕ್ಕಿಬಿತ್ತು. ಹತ್ತುವುದು, ಜಾರುವುದು. ಮಗಳು ಬಗ್ಗಿದಳು. ಅಲ್ಲಿದ್ದವರು "ಬೇಡ ಮಗಾ, ನಡೀಲಿ. ಅದು ನಡೆದ್ರೇ ಗಟ್ಟಿಯಾಗೂದು" ಎಂದರು. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಪಾಪ, ಒಂದು ವಾರದಲ್ಲಿ ಎರಡನೇ ಸಲ. ಮರಿ ಗುಂಡಿಯಿಂದ ಮೇಲೆ ಬರಲು ಆರು ನಿಮಿಷ ತೆಗೆದುಕೊಂಡಿತು, ನಾನು ಗಡಿಯಾರ ನೋಡುತ್ತಿದ್ದೆ. ನೀರು ಮುಟ್ಟಿದ ಕೂಡಲೇ ಒಂದು ಅಲೆ ಅದನ್ನು ಹಿಂದಕ್ಕೆ ಎಸೆಯಿತು. ಎರಡನೇ ಅಲೆ ಒಯ್ದಿತು. ದೊಡ್ಡದಾಗುವುದು ಸಾವಿರಕ್ಕೊಂದು ಎಂದು ಹೇಳುವ ರೂಢಿ ಇದೆ. ಅದನ್ನು ಆಗ ಅವಳಿಗೆ ಹೇಳಲಿಲ್ಲ.

ವಾಪಸ್ ಬಂದಾಗ ಅತ್ತೆ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಸುರಹೊನ್ನೆಯ ಬುಡದಲ್ಲಿ ಆ ಹತ್ತಿ ಉಂಡೆ, ಮೂರನೆಯದು, ಬಿದ್ದಿತ್ತು. ಇರುವೆ ಹತ್ತಿತ್ತು.

ಹೊಟ್ಟೆಗೆ ಸಾಲದೆ ಹೋದಾಗ ದೊಡ್ಡ ಮರಿಗಳು ಮೊದಲು ಕಸಿದುಕೊಳ್ಳುತ್ತವೆ. ಮರಿಗಳು ಹಿಂದುಮುಂದಾಗಿ ಹುಟ್ಟುವ ಲೆಕ್ಕಾಚಾರವೇ ಅದು, ಬೇಟೆ ಕಡಿಮೆಯಾದ ವರ್ಷ ಕೊನೆಯದು ಹೋಗಿ ಉಳಿದವು ಬದುಕಲಿ ಅಂತ. ಇದು ಪುಸ್ತಕದ ವಿವರಣೆ. ನಾವು ಗೂಡು ಸರಿಸಿದ್ದರಿಂದ ತಪ್ಪಿದ ಆ ಒಂದು ಸಂಜೆಯ ತುತ್ತುಗಳೂ ಲೆಕ್ಕದಲ್ಲಿದ್ದಾವೋ ಏನೋ. ಮಗಳು ಅತ್ತಳು. "ಕೋಳಿ ಹಾಕಿದ್ರೆ ಬದುಕ್ತಿತ್ತಾ?" ಎಂದು ಕೇಳಿದಳು. ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ದಾವಣಗೆರೆಯ ಚಪ್ಪಲಿ ಡಬ್ಬಿಯ ಕಥೆಯನ್ನು ಅವತ್ತು ಅವಳಿಗೆ ಮೊದಲ ಸಲ ಹೇಳಿದೆ. ಅತ್ತೆ, ಮನೆಯೊಳಗೆ ತರಬೇಡ ಎಂದಿದ್ದ ಅದೇ ಅತ್ತೆ, ಸೆರಗಿನಲ್ಲಿ ಮರಿಯನ್ನು ಎತ್ತಿಕೊಂಡು ಹೋಗಿ ಹೊಸ ತೆಂಗಿನ ಸಸಿಯ ಬುಡದಲ್ಲಿ ಮಣ್ಣು ಮಾಡಿದರು.

ನೀರುನಾಯಿ ಕಾಣಲಿಲ್ಲ. ಕಾಂಡ್ಲಾ ಕಾಡಿನ ಮರದ ದಾರಿಯಲ್ಲಿ ಅರ್ಧ ಗಂಟೆ ನಡೆದೆವು, ಚೆನ್ನಾಗಿತ್ತು, ಸೊಳ್ಳೆ ಜಾಸ್ತಿ. ಹೊರಡುವ ದಿನ ಸಂಜೆ ದೊಡ್ಡ ಮರಿ ತೂತಿನ ಅಂಚಿಗೆ ಬಂದು ಕೂತು, ನಮ್ಮ ಚೀಲಗಳನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿತು.

ಮಾರ್ಚ್ ಕೊನೆಗೆ ಅತ್ತೆಯ ಫೋನ್ ಬಂತು. ಎರಡೂ ಹಾರಿವೆಯಂತೆ. ಹಗಲೆಲ್ಲ ಬಟ್ಟೆ ಒಣಹಾಕುವ ತಂತಿಯ ಮೇಲೇ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವಂತೆ. ಕಾಗೆ ಓಡಿಸುವುದೇ ಒಂದು ಕೆಲಸವಾಗಿದೆ, ಸೀರೆಗಳನ್ನು ಈಗ ಜಗುಲಿಯಲ್ಲಿ ಹರವುತ್ತಿದ್ದೇನೆ ಎಂದು ಗೊಣಗಿದರು. ಬಾವಿಯ ಆಚೆಗಿನ ಇನ್ನೊಂದು ಬೋಳು ತೆಂಗಿನಮರವನ್ನು ಕಡಿಯಲು ಬಂದವರನ್ನು ಹಿಂದೆ ಕಳಿಸಿದ್ದಾರೆ.

"ಅದು ಕೊಟ್ಟಿಗೆ ಮೇಲೆ ಬಿದ್ರೆ?" ಎಂದೆ.

"ಬಿದ್ರೆ ನಿನ್ನ ಮೇಲೇ ಗೂಬೆ ಕೂರಿಸ್ತೀನಿ ಬಿಡು" ಎಂದು ಫೋನ್ ಮಗಳಿಗೆ ಕೊಡಲು ಹೇಳಿದರು.